ಸಣ್ಣ ಲ್ಯಾಪ್‌ಟಾಪಿನಲ್ಲಿ ವಿಡಿಯೋ ತಡವರಿಸದೆ ಓಡಬೇಕಾದರೆ: ಸಮಗ್ರ ಮಾರ್ಗದರ್ಶಿ

ಚಂಡೆ ಪೆಟ್ಟು ಬಿದ್ದಾಯಿತು, ವೇಷದ ಕಾಲು ಮಾತ್ರ ಇನ್ನೂ ಮೇಲೇ ಇದೆ. ಸೆಲೆರಾನ್ ಅಥವಾ ಹಳೆ ಐ3 ಪ್ರೊಸೆಸರಿನ ಲ್ಯಾಪ್‌ಟಾಪಿನಲ್ಲಿ ಯೂಟ್ಯೂಬ್ ಹಾಕಿ ಯಕ್ಷಗಾನದ ಆಟ ನೋಡುವವರಿಗೆಲ್ಲ ಇದು ಗೊತ್ತಿರುವ ಕಷ್ಟ. ಧ್ವನಿ ಸರಿಯಾಗಿಯೇ ಬರುತ್ತದೆ, ಚಿತ್ರ ಹಿಂದೆ ಬೀಳುತ್ತದೆ. ಮಂಡಿ ಕುಣಿತ ಶುರುವಾದರಂತೂ ಮುಗೀತು, ವೇಷ ಗಿರಕಿ ಹೊಡೆಯುವುದು ಯಾರೋ ಮದುವೆ ಆಲ್ಬಮ್ ತಿರುವಿ ಹಾಕಿದ ಹಾಗೆ ಕಾಣುತ್ತದೆ.

ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ, ಮಕ್ಕಳ ಆನ್‌ಲೈನ್ ಕ್ಲಾಸಿಗೆ ಅಂತ ತಂದ ಲ್ಯಾಪ್‌ಟಾಪು ಈಗ ಅಪ್ಪ, ಆಯಿ ಆಟ ನೋಡುವ ಟಿವಿ ಆಗಿರುವ ಮನೆಗಳು ಬೇಕಾದಷ್ಟಿವೆ. ಅದು ತಡವರಿಸಿದಾಗ ಕೇಳಿಬರುವ ಸಲಹೆ ಎರಡೇ. ರ‍್ಯಾಮ್ ಹಾಕ್ಸು, ಇಲ್ಲಾಂದ್ರೆ ಹೊಸದು ತಗೋ. ಎರಡೂ ದುಡ್ಡಿನ ಬಾಬ್ತು, ಎರಡೂ ಎಷ್ಟೋ ಸಲ ಬೇಕಾಗಿರುವುದೇ ಇಲ್ಲ. ವಿಡಿಯೋ ಯಾವ ರೂಪದಲ್ಲಿ ಬರುತ್ತಿದೆ, ಅದನ್ನು ಬಿಚ್ಚುವ ಕೆಲಸ ಒಳಗೆ ಯಾರು ಮಾಡುತ್ತಿದ್ದಾರೆ, ಈ ಎರಡನ್ನು ಸರಿಪಡಿಸಿದರೆ ಹತ್ತು ವರ್ಷ ಹಳೆಯ ಮಷೀನೂ 720ಪಿ ವಿಡಿಯೋವನ್ನು ಸಲೀಸಾಗಿ ಓಡಿಸುತ್ತದೆ.

ಯಾವ ತೊಂದರೆ ಅಂತ ಮೊದಲು ಗುರುತಿಸಿ

ಹೊರಗಿನಿಂದ ಎಲ್ಲ ಒಂದೇ ಥರ ಕಂಡರೂ ಕಾರಣ ಬೇರೆ ಬೇರೆ ಇರುತ್ತದೆ. ಚಿತ್ರ, ಧ್ವನಿ ಎರಡೂ ನಿಂತು ನಡುವೆ ಚಕ್ರ ತಿರುಗಿದರೆ ಅದು ನೆಟ್ ಸಮಸ್ಯೆ. ಧ್ವನಿ ಓಡುತ್ತಿದ್ದು ಚಿತ್ರ ಮಾತ್ರ ಕಡಿದು ಕಡಿದು ಬಂದರೆ ಅದು ಡಿಕೋಡಿಂಗ್ ಸಮಸ್ಯೆ, ಅಂದರೆ ಒತ್ತಿ ಚಿಕ್ಕದು ಮಾಡಿಟ್ಟ ವಿಡಿಯೋವನ್ನು ಬಿಚ್ಚಿ ಒಂದೊಂದೇ ಫ್ರೇಮ್ (ಬಿಡಿ ಚಿತ್ರ) ಮಾಡಿ ಪರದೆಗೆ ಕೊಡುವ ಕೆಲಸ ಹೊತ್ತಿಗೆ ಸರಿಯಾಗಿ ಮುಗಿಯುತ್ತಿಲ್ಲ. ಮೊದಲ ಅರ್ಧ ಗಂಟೆ ಚೆನ್ನಾಗಿದ್ದು ಆಮೇಲೆ ಶುರುವಾದರೆ ಬಹುತೇಕ ಬಿಸಿಯ ಸಮಸ್ಯೆ.

ಊಹೆ ಮಾಡಿಕೊಂಡು ಕೂರಬೇಕಾಗಿಲ್ಲ, ಯೂಟ್ಯೂಬೇ ಹೇಳುತ್ತದೆ. ವಿಡಿಯೋ ಓಡುವಾಗ ಅದರ ಮೇಲೆ ಮೌಸಿನ ಬಲ ಬಟನ್ ಒತ್ತಿ, ಪಟ್ಟಿಯ ಕೊನೆಯ ಕಡೆ ‘ಸ್ಟ್ಯಾಟ್ಸ್ ಫಾರ್ ನರ್ಡ್ಸ್’ ಅಂತ ಇರುತ್ತದೆ, ಅದನ್ನು ಆರಿಸಿ. ಮೂಲೆಯಲ್ಲಿ ಕಪ್ಪು ಪೆಟ್ಟಿಗೆಯೊಂದು ತೆರೆಯುತ್ತದೆ. ತುಂಬಾ ಸಾಲುಗಳಿರುತ್ತವೆ, ನಮಗೆ ಬೇಕಾದವು ಮೂರು.

‘ಫ್ರೇಮ್ಸ್’ ಅಂತ ಇರುವ ಸಾಲಿನಲ್ಲಿ ಒಟ್ಟು ಎಷ್ಟು ಫ್ರೇಮ್, ಅದರಲ್ಲಿ ಎಷ್ಟು ‘ಡ್ರಾಪ್ಡ್’ ಅಂತ ತೋರಿಸುತ್ತದೆ. ಶುರುವಿನಲ್ಲಿ ಒಂದಷ್ಟು ಬಿದ್ದರೆ ತಲೆಕೆಡಿಸಿಕೊಳ್ಳಬೇಡಿ. ಆದರೆ ಆ ಸಂಖ್ಯೆ ನೋಡನೋಡುತ್ತ ಏರುತ್ತಲೇ ಇದ್ದರೆ ನಿಮ್ಮ ಮಷೀನು ಫ್ರೇಮ್‌ಗಳನ್ನು ಬಿಸಾಡುತ್ತಿದೆ ಅಂತ ಅರ್ಥ. ‘ಬಫರ್ ಹೆಲ್ತ್’ ಅಂದರೆ ಇನ್ನೆಷ್ಟು ಸೆಕೆಂಡಿನ ವಿಡಿಯೋ ಮುಂಗಡವಾಗಿ ಬಂದು ಕೂತಿದೆ ಅನ್ನೋದು. ಅದು ಸೊನ್ನೆಗೆ ಇಳಿಯುತ್ತಿದ್ದರೆ ಲ್ಯಾಪ್‌ಟಾಪನ್ನು ಬೈಯಬೇಡಿ, ನೆಟ್ ನೋಡಿಕೊಳ್ಳಿ. ಮೂರನೆಯದು ‘ಕೋಡೆಕ್ಸ್’. ಕೋಡೆಕ್ ಅಂದರೆ ವಿಡಿಯೋವನ್ನು ಒತ್ತಿ ಚಿಕ್ಕದು ಮಾಡುವ, ಮತ್ತೆ ಬಿಚ್ಚುವ ವಿಧಾನ. ಅಲ್ಲಿ ಎವಿಸಿ1, ವಿಪಿ09, ಎವಿ01 ಈ ಮೂರರಲ್ಲಿ ಒಂದು ಬರೆದಿರುತ್ತದೆ. ಅದನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ.

ಪರೀಕ್ಷೆಗೆ ಯಾವ ವಿಡಿಯೋ ಹಾಕುತ್ತೀರಿ ಅನ್ನೋದೂ ಮುಖ್ಯ. ಕೋಡೆಕ್‌ಗಳು ಪ್ರತಿ ಫ್ರೇಮನ್ನೂ ಪೂರ್ತಿಯಾಗಿ ಉಳಿಸುವುದಿಲ್ಲ, ಹಿಂದಿನ ಫ್ರೇಮಿಗೂ ಇದಕ್ಕೂ ಏನು ಬದಲಾಗಿದೆಯೋ ಅದನ್ನೇ ಹೆಚ್ಚಾಗಿ ಉಳಿಸುತ್ತವೆ. ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಕೂತಲ್ಲೇ ಕೂತಿರುತ್ತಾರೆ, ಕೈ ಬಾಯಿ ಬಿಟ್ಟರೆ ಏನೂ ಅಲ್ಲಾಡುವುದಿಲ್ಲ. ಅದು ಎಂಥ ಬಡಪಾಯಿ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಉಂಚಳ್ಳಿ ಜಲಪಾತದ್ದೋ ಜೋಗದ್ದೋ ಡ್ರೋನ್ ವಿಡಿಯೋ ಹಾಕಿ ನೋಡಿ, ಅಲ್ಲಿ ಪರದೆಯ ಮುಕ್ಕಾಲು ಭಾಗ ಪ್ರತಿ ಕ್ಷಣ ಬದಲಾಗುತ್ತಿರುತ್ತದೆ. ಮಂಡಿ ಕುಣಿತವೂ ಅಷ್ಟೇ. ಹಾಗಾಗಿ ಪರೀಕ್ಷೆಗೆ ನೀರು ಬೀಳುವುದನ್ನೋ ಬಿರುಸಿನ ಕುಣಿತವನ್ನೋ ಇಟ್ಟುಕೊಳ್ಳಿ, ಪ್ರತಿ ಹೆಜ್ಜೆಯಾದ ಮೇಲೂ ಅದೇ ತುಣುಕನ್ನು ಮತ್ತೆ ಓಡಿಸಿ ನೋಡಿ. ಬೇರೆ ಬೇರೆ ವಿಡಿಯೋ ಹಾಕಿ ‘ಈಗ ಸರಿಯಾಯ್ತು’ ಅಂದುಕೊಂಡರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ.

ನೆಟ್ ವಿಷಯ ಬೇಗ ಮುಗಿಸಿಬಿಡೋಣ. ನಮ್ಮ ಕಡೆ ಚಿರೇಕಲ್ಲಿನ ದಪ್ಪ ಗೋಡೆ, 5 ಗಿಗಾಹರ್ಟ್ಸ್ ವೈಫೈ ಎರಡು ಗೋಡೆ ದಾಟುವಷ್ಟರಲ್ಲಿ ಸುಸ್ತಾಗುತ್ತದೆ. ರೂಟರ್ ಇರುವ ಕೋಣೆಯಲ್ಲೇ ಕೂತರೆ 5 ಬಳಸಿ, ಒಳಗಿನ ಕೋಣೆಯಲ್ಲಾದರೆ 2.4. ಮೊಬೈಲ್ ಹಾಟ್‌ಸ್ಪಾಟ್ ಆದರೆ ಫೋನನ್ನು ಮೆತ್ತಿನ ಮೇಲೆ ಕಿಟಕಿ ಹತ್ತಿರ ಇಟ್ಟು ಬನ್ನಿ. ಮಳೆಗಾಲದಲ್ಲಿ ಕರೆಂಟು ಹೋಗಿ, ಸ್ವಲ್ಪ ಹೊತ್ತಿಗೆ ಟವರೂ ಮಲಗುವ ಊರುಗಳಲ್ಲಿ, ನೆಟ್ ಇದ್ದಾಗ ಇಳಿಸಿಟ್ಟುಕೊಳ್ಳುವುದೇ ದಾರಿ.

ಒಂದು ಸಣ್ಣ ಲೆಕ್ಕ

1080ಪಿ ಅಂದರೆ 1920×1080, ಒಂದು ಫ್ರೇಮಿನಲ್ಲಿ ಸುಮಾರು 20 ಲಕ್ಷ ಚುಕ್ಕಿ. 4ಕೆ ಅಂದರೆ ಅದರ ನಾಲ್ಕು ಪಟ್ಟು, 83 ಲಕ್ಷದ ಹತ್ತಿರ. 720ಪಿ ಅಂದರೆ 9 ಲಕ್ಷ ಚಿಲ್ಲರೆ. ಸೆಕೆಂಡಿಗೆ 30 ಫ್ರೇಮಿನ ವಿಡಿಯೋದಲ್ಲಿ ಒಂದೊಂದು ಫ್ರೇಮ್ ತಯಾರಿಸಲು ಸಿಗುವ ಸಮಯ 33 ಮಿಲಿಸೆಕೆಂಡು. 60 ಫ್ರೇಮಿನದ್ದಾದರೆ 17 ಕೂಡ ಇಲ್ಲ.

ಈಗ ನಿಮ್ಮ ಲ್ಯಾಪ್‌ಟಾಪಿನ ಪರದೆ ನೋಡಿ. ಕಡಿಮೆ ಬೆಲೆಯ ಎಷ್ಟೋ ಲ್ಯಾಪ್‌ಟಾಪುಗಳದ್ದು 1366×768. ಅಂದರೆ ಇರುವುದೇ ಹತ್ತೂವರೆ ಲಕ್ಷ ಚುಕ್ಕಿ. ಅದರಲ್ಲಿ 1080ಪಿ ಹಾಕಿದರೆ ಮಷೀನು 20 ಲಕ್ಷ ಚುಕ್ಕಿ ತಯಾರು ಮಾಡಿ, ಅದನ್ನು ಮತ್ತೆ ಕುಗ್ಗಿಸಿ, ಅರ್ಧಕ್ಕರ್ಧ ಬಿಸಾಡಿ ನಿಮಗೆ ತೋರಿಸುತ್ತದೆ. ಹೆಚ್ಚು ಡೇಟಾ ಬರುವುದರಿಂದ 1080ಪಿ ಚೂರು ನಯವಾಗಿ ಕಾಣಬಹುದು, ಆದರೆ ಆ ಚೂರಿಗಾಗಿ ಕುಣಿತ ಕಡಿಯುವುದು ಬೇಕಾ? 1366 ಪರದೆಗೆ 720ಪಿ ಸಾಕು. ಇನ್ನೊಂದು ವಿಷಯ, ಯೂಟ್ಯೂಬಿನಲ್ಲಿ 720ಪಿ ಮತ್ತು ಮೇಲಿನದಕ್ಕೆ ಮಾತ್ರ 60 ಫ್ರೇಮ್ ಇರುತ್ತದೆ. 480ಪಿಗೆ ಇಳಿದ ಕೂಡಲೇ ಅದು 30 ಆಗುತ್ತದೆ. ಅದಕ್ಕೇ ‘720ಪಿ60’ ಅಂತ ಬರೆದಿರುವ ವಿಡಿಯೋ ಓಡದ ಮಷೀನಿನಲ್ಲೂ 480ಪಿ ಹೂವಿನಷ್ಟು ಹಗುರವಾಗಿ ಓಡುವುದು.

ನಿಮ್ಮ ಚಿಪ್‌ಗೆ ಏನು ಬರುತ್ತೆ, ಏನು ಬರಲ್ಲ

ಇಡೀ ವಿಷಯದ ತಿರುಳು ಇಲ್ಲಿದೆ. ವಿಡಿಯೋ ಬಿಚ್ಚುವ ಕೆಲಸವನ್ನು ಇಬ್ಬರು ಮಾಡಬಹುದು. ಒಂದು, ಮುಖ್ಯ ಪ್ರೊಸೆಸರ್, ಅದು ಯಾವ ಕೋಡೆಕ್ ಆದರೂ ಮಾಡುತ್ತದೆ, ಆದರೆ ಏದುಸಿರು ಬಿಟ್ಟುಕೊಂಡು. ಇನ್ನೊಂದು, ಗ್ರಾಫಿಕ್ಸ್ ಭಾಗದೊಳಗೆ ಇದೇ ಕೆಲಸಕ್ಕೆ ಅಂತ ಇರುವ ಪುಟ್ಟ ಡಿಕೋಡರ್. ಅದು ಕೆಲಸ ಮಾಡಿದರೆ ಪ್ರೊಸೆಸರ್ ತಣ್ಣಗೆ ಕೂತಿರುತ್ತದೆ, ಬ್ಯಾಟರಿಯೂ ಬಾಳುತ್ತದೆ. ಆದರೆ ಅದಕ್ಕೆ ಗೊತ್ತಿರುವುದು ಆ ಚಿಪ್ ಹುಟ್ಟಿದ ಕಾಲದಲ್ಲಿ ಇದ್ದ ಕೋಡೆಕ್ ಅಷ್ಟೇ. ಆಮೇಲೆ ಕಲಿಸಲು ಬರುವುದಿಲ್ಲ.

ಎಚ್.264 ಬಂದದ್ದು 2003ರಲ್ಲಿ. ಯೂಟ್ಯೂಬಿನ ಪೆಟ್ಟಿಗೆಯಲ್ಲಿ ಎವಿಸಿ1 ಅಂದರೆ ಇದೇ. ಎಚ್‌ಇವಿಸಿ, ಅಂದರೆ ಎಚ್.265, ಮತ್ತು ಗೂಗಲ್‌ನ ವಿಪಿ9 ಎರಡೂ 2013ರವು. ಎವಿ1 ಬಂದದ್ದು 2018ರಲ್ಲಿ. ಹೊಸದಾದಷ್ಟೂ ಕಡಿಮೆ ಡೇಟಾದಲ್ಲಿ ಒಳ್ಳೆಯ ಚಿತ್ರ, ಆದರೆ ಬಿಚ್ಚುವುದು ಜಾಸ್ತಿ ಕಷ್ಟ.

ಇಂಟೆಲ್‌ನಲ್ಲಿ 2ನೇ ಪೀಳಿಗೆಯಿಂದ 4ನೇ ಪೀಳಿಗೆಯವರೆಗಿನ ಐ3, ಐ5ಗಳಿಗೆ ಎಚ್.264 ಚೆನ್ನಾಗಿ ಬರುತ್ತದೆ, ಉಳಿದದ್ದು ಬರುವುದಿಲ್ಲ. 5ನೆಯದು ಅರೆಬರೆ. 6ನೆಯದರಲ್ಲಿ ಸಾಧಾರಣ 8 ಬಿಟ್ ಎಚ್‌ಇವಿಸಿ ಬಂತು. 7ನೆಯದರಲ್ಲಿ 10 ಬಿಟ್ (ಬಣ್ಣದ ಹಂತಗಳು ಹೆಚ್ಚಿರುವ) ಎಚ್‌ಇವಿಸಿ, ವಿಪಿ9 ಎರಡೂ ಪೂರ್ತಿಯಾಗಿ ಬಂದವು. ಎವಿ1 ಬೇಕೆಂದರೆ 11ನೇ ಪೀಳಿಗೆಯೇ ಆಗಬೇಕು. ಸೆಲೆರಾನ್‌ಗಳ ಲೆಕ್ಕ ಬೇರೆ: ಎನ್2840 ಕಾಲದವಕ್ಕೆ ಎಚ್.264 ಮಾತ್ರ, ಎನ್3350, ಎನ್4000, ಎನ್4020 ಇವಕ್ಕೆ ವಿಪಿ9, ಎಚ್‌ಇವಿಸಿ ಎರಡೂ ಬರುತ್ತವೆ, ಎವಿ1 ಬರುವುದಿಲ್ಲ. ಆಶ್ಚರ್ಯ ಅನ್ನಿಸಬಹುದು, ವಿಪಿ9 ವಿಡಿಯೋ ವಿಷಯದಲ್ಲಿ ಬಡ ಎನ್4000 ಸೆಲೆರಾನು 4ನೇ ಪೀಳಿಗೆಯ ಐ5ಗಿಂತ ವಾಸಿ. ಎಎಂಡಿಯಲ್ಲಿ ರೈಜನ್ 2500ಯು ಕಾಲದಿಂದ ವಿಪಿ9 ಇದೆ.

ಪೀಳಿಗೆ ತಿಳಿಯುವುದು ಸುಲಭ. ಸ್ಟಾರ್ಟ್ ಮೆನು, ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್. ಅಲ್ಲಿ ಐ3-5005ಯು ಅಂತ ಇದ್ದರೆ ಅಡ್ಡಗೆರೆ ಆದ ಮೇಲಿನ ಮೊದಲ ಅಂಕಿ 5, ಅಂದರೆ 5ನೇ ಪೀಳಿಗೆ. ಐ5-8250ಯು ಆದರೆ 8. ಐ3-1115ಜಿ4 ಅಂತಿದ್ದರೆ ಮೊದಲ ಎರಡು ಅಂಕಿ ಸೇರಿಸಿ ಓದಬೇಕು, 11.

ಬರೆದಿಟ್ಟುಕೊಂಡ ಕೋಡೆಕ್ಕನ್ನು ಇದರ ಪಕ್ಕ ಇಟ್ಟು ನೋಡಿ. 4ನೇ ಪೀಳಿಗೆಯ ಮಷೀನಿಗೆ ಯೂಟ್ಯೂಬ್ ಎವಿ01 ಕಳಿಸುತ್ತಿದ್ದರೆ ಕಳ್ಳ ಸಿಕ್ಕ ಹಾಗೆ.

ಬ್ರೌಸರಿಗೆ ಹೇಳಬೇಕಾದ್ದು

ಮೊದಲು ಹಾರ್ಡ್‌ವೇರ್ ಡಿಕೋಡಿಂಗ್, ಅಂದರೆ ಆ ಪುಟ್ಟ ಡಿಕೋಡರಿನಿಂದ ಕೆಲಸ ಮಾಡಿಸುವುದು, ಚಾಲೂ ಇದೆಯಾ ನೋಡಿ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಅಲ್ಲಿ ‘ಯೂಸ್ ಗ್ರಾಫಿಕ್ಸ್ ಆ್ಯಕ್ಸಲರೇಷನ್ ವೆನ್ ಅವೈಲಬಲ್’ ಅನ್ನೋದು ಆನ್ ಆಗಿರಬೇಕು. ಯಾವಾಗಲೋ ಪರದೆ ಮಿನುಗುತ್ತಿದೆ ಅಂತ ಯಾರೋ ಅದನ್ನು ಆಫ್ ಮಾಡಿ ಹೋಗಿರುತ್ತಾರೆ, ಆಮೇಲೆ ಮರೆತೇ ಹೋಗಿರುತ್ತದೆ. ಎಡ್ಜ್‌ನಲ್ಲೂ ಇಂಥದ್ದೇ ಆಯ್ಕೆ ಇದೆ. ಆನ್ ಮಾಡಿ ಬ್ರೌಸರ್ ಮುಚ್ಚಿ ತೆರೆಯಿರಿ. ಆಮೇಲೆ ವಿಳಾಸದ ಜಾಗದಲ್ಲಿ ಇಂಗ್ಲಿಷಿನಲ್ಲಿ ಕ್ರೋಮ್, ಕೋಲನ್, ಎರಡು ಓರೆಗೆರೆ, ಜಿಪಿಯು ಅಂತ ಟೈಪ್ ಮಾಡಿ ಎಂಟರ್ ಒತ್ತಿ. ‘ವಿಡಿಯೋ ಡಿಕೋಡ್’ ಎದುರು ‘ಹಾರ್ಡ್‌ವೇರ್ ಆ್ಯಕ್ಸಲರೇಟೆಡ್’ ಅಂತ ಹಸಿರಿನಲ್ಲಿದ್ದರೆ ಸರಿ.

‘ಸಾಫ್ಟ್‌ವೇರ್ ಓನ್ಲಿ’ ಅಂತ ತೋರಿಸಿದರೆ ಹೆಚ್ಚಿನ ಸಲ ಗ್ರಾಫಿಕ್ಸ್ ಡ್ರೈವರ್ (ಗ್ರಾಫಿಕ್ಸ್ ಭಾಗವನ್ನು ನಡೆಸುವ ಸಾಫ್ಟ್‌ವೇರ್) ಇಲ್ಲದ್ದೇ ಕಾರಣ. ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ, ‘ಡಿಸ್‌ಪ್ಲೇ ಅಡಾಪ್ಟರ್ಸ್’ ಬಿಡಿಸಿ. ಅಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಅಂತ ಕಂಡರೆ, ವಿಂಡೋಸ್ ಹಾಕಿಕೊಟ್ಟವರು ಡ್ರೈವರ್ ಹಾಕುವುದನ್ನು ಬಿಟ್ಟಿದ್ದಾರೆ. ಅಂಗಡಿಯಿಂದ ‘ಫಾರ್ಮ್ಯಾಟ್’ ಮಾಡಿಸಿಕೊಂಡು ಬಂದ ಲ್ಯಾಪ್‌ಟಾಪುಗಳಲ್ಲಿ ಇದು ತುಂಬಾ ಸಾಮಾನ್ಯ. ಮೊದಲಿಗಿಂತ ನಿಧಾನ ಆಯ್ತು ಅಂತ ಮನೆಯವರು ಗೊಣಗುತ್ತಾರೆ, ಮಷೀನಿಗೆ ವಯಸ್ಸಾಯ್ತು ಅಂತ ಅಂಗಡಿಯವರು ಹೇಳುತ್ತಾರೆ. ಲ್ಯಾಪ್‌ಟಾಪ್ ಕಂಪನಿಯ ವೆಬ್‌ಸೈಟಿಗೆ ಹೋಗಿ, ನಿಮ್ಮ ಮಾಡೆಲ್ ನಂಬರ್ ಹಾಕಿ, ಗ್ರಾಫಿಕ್ಸ್ ಡ್ರೈವರ್ ಇಳಿಸಿ ಹಾಕಿಕೊಳ್ಳಿ. ಡ್ರೈವರ್ ಅಪ್‌ಡೇಟ್ ಮಾಡಿಕೊಡ್ತೀವಿ ಅಂತ ಜಾಹೀರಾತು ಹಾಕುವ ಸಾಫ್ಟ್‌ವೇರ್‌ಗಳ ಸಹವಾಸ ಬೇಡ.

ಡ್ರೈವರ್ ಸರಿಯಿದ್ದೂ ಕೋಡೆಕ್ ಹೊಂದುತ್ತಿಲ್ಲ ಅಂದರೆ, ಯೂಟ್ಯೂಬಿಗೆ ಎಚ್.264 ಕೊಡು ಅಂತ ಹೇಳುವ ಎಕ್ಸ್‌ಟೆನ್ಷನ್ (ಬ್ರೌಸರಿಗೆ ಸೇರಿಸುವ ಪುಟ್ಟ ಸಾಫ್ಟ್‌ವೇರ್) ಹಾಕಿಕೊಳ್ಳಬೇಕು. ‘ಎನ್‌ಹ್ಯಾನ್ಸ್ಡ್ ಎಚ್264ಇಫೈ’ ಅನ್ನೋದು ಅಂಥದ್ದು. ಅದು ಮಾಡುವುದು ಇಷ್ಟೇ, ‘ಈ ಬ್ರೌಸರಿಗೆ ವಿಪಿ9, ಎವಿ1 ಬರುವುದಿಲ್ಲ’ ಅಂತ ಯೂಟ್ಯೂಬಿಗೆ ಸುಳ್ಳು ಹೇಳುತ್ತದೆ. ಅದರ ಸೆಟ್ಟಿಂಗಿನಲ್ಲಿ ಯಾವುದನ್ನು ತಡೆಯಬೇಕು ಅಂತ ಆರಿಸಬಹುದು. 7ನೇ ಪೀಳಿಗೆ ಮತ್ತು ಎನ್4000 ಥರದವರು ಎವಿ1 ಒಂದನ್ನೇ ತಡೆಯಿರಿ, ವಿಪಿ9 ಬರಲಿ. ಅದಕ್ಕಿಂತ ಹಳೆಯವರು ಎರಡನ್ನೂ ತಡೆಯಿರಿ. 60 ಫ್ರೇಮ್ ತಡೆಯುವ ಆಯ್ಕೆಯೂ ಅಲ್ಲೇ ಇದೆ, 4ಜಿಬಿ ರ‍್ಯಾಮಿನ ಮಷೀನಾದರೆ ಕಣ್ಣುಮುಚ್ಚಿ ಹಾಕಿಕೊಳ್ಳಿ.

ಎಕ್ಸ್‌ಟೆನ್ಷನ್ ಬೇಡ ಅನ್ನುವವರಿಗೆ, ಯೂಟ್ಯೂಬ್ ಖಾತೆಯ ಸೆಟ್ಟಿಂಗ್ಸ್ ಒಳಗೆ ಪ್ಲೇಬ್ಯಾಕ್ ವಿಭಾಗದಲ್ಲಿ ಎವಿ1 ಬಗ್ಗೆ ಆಯ್ಕೆ ಇದೆ. ‘ಪ್ರಿಫರ್ ಎವಿ1 ಫಾರ್ ಎಸ್‌ಡಿ’ ಅಂತ ಕೊಟ್ಟರೆ 480ಪಿವರೆಗೆ ಮಾತ್ರ ಎವಿ1 ಬರುತ್ತದೆ. ಅಷ್ಟನ್ನು ಪ್ರೊಸೆಸರೇ ನಿಭಾಯಿಸುತ್ತದೆ.

ಇದರಲ್ಲಿ ಒಂದು ನಷ್ಟವೂ ಇದೆ. ಅದೇ ಗುಣಮಟ್ಟಕ್ಕೆ ಎಚ್.264 ಜಾಸ್ತಿ ಡೇಟಾ ತಿನ್ನುತ್ತದೆ, ಮತ್ತು ಯೂಟ್ಯೂಬ್ ಅದನ್ನು 1080ಪಿವರೆಗೆ ಮಾತ್ರ ಕೊಡುತ್ತದೆ. ಸಣ್ಣ ಪರದೆಗೆ ಎರಡನೆಯದರಿಂದ ಏನೂ ತೊಂದರೆಯಿಲ್ಲ. ಆದರೆ ದಿನಕ್ಕಿಷ್ಟು ಅಂತ ಡೇಟಾ ಇರುವ ಹಾಟ್‌ಸ್ಪಾಟಿನಲ್ಲಿ ರಾತ್ರಿಯಿಡೀ ಆಟ ನೋಡುವವರು 480ಪಿಗೆ ಇಳಿಯುವುದೇ ಒಳ್ಳೆಯದು. ನೆಟ್ಟೂ ಬಡವಾಗಿ ಚಿಪ್ಪೂ ಬಡವಾಗಿದ್ದರೆ ಬೇರೆ ಉಪಾಯ ಇಲ್ಲ.

ಕೆಲವು ಚಿಲ್ಲರೆ ಸೋರಿಕೆಗಳನ್ನೂ ಮುಚ್ಚಿ. ಯೂಟ್ಯೂಬಿನ ಡಾರ್ಕ್ ಥೀಮ್‌ನಲ್ಲಿ ವಿಡಿಯೋ ಸುತ್ತ ಬಣ್ಣದ ಹೊಳಪು ಹರಡುವ ‘ಆ್ಯಂಬಿಯಂಟ್ ಮೋಡ್’ ಇದೆ, ವಿಡಿಯೋದ ಹಲ್ಲುಚಕ್ರದ ಗುರುತಿನೊಳಗೆ ಹೋಗಿ ಆಫ್ ಮಾಡಿ. ನೇರಪ್ರಸಾರ ನೋಡುವಾಗ ಪಕ್ಕದಲ್ಲಿ ಓಡುವ ಚಾಟ್ ಮುಚ್ಚಿ, ಸಾವಿರ ಜನ ಒಟ್ಟಿಗೆ ಕೈಮುಗಿಯುವ ಚಿತ್ರ ಕಳಿಸುತ್ತಿದ್ದರೆ ಅದನ್ನು ಬಿಡಿಸುವುದಕ್ಕೂ ಪ್ರೊಸೆಸರೇ ಬೇಕಲ್ವಾ. ಪಾಠದ ವಿಡಿಯೋವನ್ನು 2 ಪಟ್ಟು ವೇಗದಲ್ಲಿ ನೋಡುವ ಮಕ್ಕಳಿಗೆ ಗೊತ್ತಿರಲಿ, ವೇಗ ಎರಡು ಪಟ್ಟಾದರೆ ಬಿಚ್ಚುವ ಕೆಲಸವೂ ಎರಡು ಪಟ್ಟು. ಆಗ 360ಪಿ ಇಡಿ, ಬೋರ್ಡಿನ ಅಕ್ಷರ ಕಂಡರೆ ಸಾಕು.

ಎಲ್ಲ ಮಾಡಿದ ಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ‘ಪರ್ಫಾರ್ಮೆನ್ಸ್’ ಒಳಗೆ ‘ಜಿಪಿಯು’ (ಗ್ರಾಫಿಕ್ಸ್ ಭಾಗ), ಅಲ್ಲಿ ‘ವಿಡಿಯೋ ಡಿಕೋಡ್’ ಅಂತ ಒಂದು ಗ್ರಾಫ್ ಇರುತ್ತದೆ. ವಿಡಿಯೋ ಓಡುವಾಗ ಆ ಗೆರೆ ಎದ್ದು ನಿಂತು, ಸಿಪಿಯು (ಮುಖ್ಯ ಪ್ರೊಸೆಸರ್) ಗೆರೆ ಕೆಳಗಿಳಿದಿದ್ದರೆ ಕೆಲಸ ಆಯಿತು. ತೀರಾ ಹಳೆಯ ಮಷೀನಿನಲ್ಲಿ ಜಿಪಿಯು ಸಾಲೇ ಕಾಣದಿರಬಹುದು, ಆಗ ಸಿಪಿಯು ಒಂದನ್ನೇ ನೋಡಿ.

ಫೋನಿನಿಂದ ತಂದ ವಿಡಿಯೋಗಳು

ಶಿರಸಿ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. ಅಣ್ಣನ ಮಗ ಹೊಸ ಫೋನಿನಲ್ಲಿ ರಥೋತ್ಸವ ತೆಗೆದಿರುತ್ತಾನೆ. ಅದನ್ನು ಲ್ಯಾಪ್‌ಟಾಪಿಗೆ ಹಾಕಿದರೆ ತೇರು ಮುಂದೆ ಹೋಗುವುದೇ ಇಲ್ಲ. ಅದೇ ವಿಡಿಯೋ ವಾಟ್ಸಾಪಿನಲ್ಲಿ ಬಂದದ್ದು ಸರಾಗವಾಗಿ ಓಡುತ್ತದೆ. ಕಾರಣ, ವಾಟ್ಸಾಪ್ ಅದನ್ನು ಚಿಕ್ಕದು ಮಾಡಿ ಕಳಿಸಿದೆ. ಮೂಲದ್ದು 4ಕೆ, 60 ಫ್ರೇಮ್, ಎಚ್‌ಇವಿಸಿ, ಕೆಲವೊಮ್ಮೆ 10 ಬಿಟ್ ಎಚ್‌ಡಿಆರ್ (ಬೆಳಕು ನೆರಳಿನ ವ್ಯಾಪ್ತಿ ಹೆಚ್ಚಿರುವ ವಿಡಿಯೋ) ಕೂಡ. ನಾಲ್ಕೂ ಸೇರಿದರೆ ಹಳೆ ಐ5 ಕೈಚೆಲ್ಲುತ್ತದೆ.

ಮೊದಲಿಗೆ ಫೋನನ್ನು ಕೇಬಲ್ಲಿನಲ್ಲಿ ಸಿಕ್ಕಿಸಿ, ಫೋನಿನೊಳಗಿರುವ ಫೈಲನ್ನೇ ಡಬಲ್ ಕ್ಲಿಕ್ ಮಾಡಬೇಡಿ. ಲ್ಯಾಪ್‌ಟಾಪಿನ ಡಿಸ್ಕಿಗೆ ಕಾಪಿ ಮಾಡಿ ಆಮೇಲೆ ತೆರೆಯಿರಿ. ಎಷ್ಟೋ ಸಲ ಅರ್ಧ ತೊಂದರೆ ಅಲ್ಲೇ ಹೋಗುತ್ತದೆ.

ಓಡಿಸಲು ವಿಎಲ್‌ಸಿ ಅನ್ನುವ ವಿಡಿಯೋ ಪ್ಲೇಯರ್ ಬಳಸಿ. ಅದರಲ್ಲಿ ಟೂಲ್ಸ್, ಪ್ರಿಫರೆನ್ಸಸ್, ‘ಇನ್‌ಪುಟ್ / ಕೋಡೆಕ್ಸ್’ ಗೆ ಹೋದರೆ ‘ಹಾರ್ಡ್‌ವೇರ್ ಆ್ಯಕ್ಸಲರೇಟೆಡ್ ಡಿಕೋಡಿಂಗ್’ ಅಂತ ಇದೆ. ‘ಆಟೋಮ್ಯಾಟಿಕ್’ ಇರಲಿ. ಅದರಲ್ಲಿ ಹಸಿರು ಪಟ್ಟೆ, ಕಪ್ಪು ಪರದೆ ಏನಾದರೂ ಬಂದರೆ ‘ಡೈರೆಕ್ಟ್3ಡಿ11’ ಮತ್ತು ‘ಡಿಎಕ್ಸ್‌ವಿಎ 2.0’ ಒಂದೊಂದಾಗಿ ಹಾಕಿ ನೋಡಿ. ಹಾರ್ಡ್‌ವೇರ್ ಯಾವುದೂ ಆಗಿಬರಲಿಲ್ಲ ಅಂದರೆ ಅದೇ ಪುಟದಲ್ಲಿ ‘ಸ್ಕಿಪ್ ದ ಲೂಪ್ ಫಿಲ್ಟರ್’ ಅನ್ನೋದನ್ನು ‘ಆಲ್’ ಮಾಡಿ. ಎಚ್.264 ವಿಡಿಯೋದಲ್ಲಿ ಚೌಕ ಚೌಕವಾಗಿ ಕಾಣುವ ಅಂಚುಗಳನ್ನು ಮೃದು ಮಾಡುವ ಕೆಲಸ ಅದರದ್ದು. ಅದನ್ನು ಬಿಟ್ಟರೆ ಚಿತ್ರ ಸ್ವಲ್ಪ ಒರಟಾಗುತ್ತದೆ, ಪ್ರೊಸೆಸರಿನ ಹೊರೆ ಚೆನ್ನಾಗಿಯೇ ಇಳಿಯುತ್ತದೆ. ಫೈಲಿನ ಕೋಡೆಕ್ ಯಾವುದು ಅಂತ ತಿಳಿಯಲು ವಿಡಿಯೋ ಓಡುವಾಗ ಕಂಟ್ರೋಲ್ ಮತ್ತು ಜೆ ಒತ್ತಿ. ಅದೇ ಕಿಟಕಿಯ ಸ್ಟ್ಯಾಟಿಸ್ಟಿಕ್ಸ್ ಪುಟದಲ್ಲಿ ‘ಲಾಸ್ಟ್’ ಫ್ರೇಮ್‌ಗಳ ಲೆಕ್ಕವೂ ಸಿಗುತ್ತದೆ.

ವಿಎಲ್‌ಸಿಗಿಂತ ಹಗುರವಾದದ್ದು ಬೇಕಾದರೆ ಎಂಪಿವಿ ಇದೆ. ಮೆನು ಗಿನು ಏನೂ ಇಲ್ಲ, ಎಲ್ಲ ಕೀಬೋರ್ಡಿನಲ್ಲೇ. ಕಂಟ್ರೋಲ್ ಮತ್ತು ಎಚ್ ಒತ್ತಿದರೆ ಹಾರ್ಡ್‌ವೇರ್ ಡಿಕೋಡಿಂಗ್ ಆನ್, ಇನ್ನೊಮ್ಮೆ ಒತ್ತಿದರೆ ಆಫ್. ಐ ಅಕ್ಷರ ಒತ್ತಿದರೆ ಬಿದ್ದ ಫ್ರೇಮ್‌ಗಳ ಲೆಕ್ಕ. ಹಿರಿಯರಿಗೆ ಕೊಡಲು ಇದು ಆಗುವುದಿಲ್ಲ, ನಮಗೆ ನಿಮಗೆ ಚೆನ್ನಾಗಿದೆ.

ಇಷ್ಟಾದರೂ ಓಡದ ಫೈಲನ್ನು ಬದಲಾಯಿಸಿಯೇ ಬಿಡಿ. ಹ್ಯಾಂಡ್‌ಬ್ರೇಕ್ ಅನ್ನುವ ಉಚಿತ ಸಾಫ್ಟ್‌ವೇರ್ ಇಳಿಸಿ, ಫೈಲನ್ನು ಅದರೊಳಗೆ ಎಳೆದು ಹಾಕಿ, ಪ್ರಿಸೆಟ್‌ನಲ್ಲಿ ‘ಫಾಸ್ಟ್ 720ಪಿ30’ ಆರಿಸಿ, ‘ವಿಡಿಯೋ’ ಪುಟದಲ್ಲಿ ಎನ್‌ಕೋಡರ್ ‘ಎಚ್.264’ ಇದೆಯಾ ನೋಡಿ. ಉಳಿಸುವ ಜಾಗ ಬೇರೆ ಫೋಲ್ಡರ್ ಇರಲಿ, ಮೂಲ ಫೈಲ್ ಮುಟ್ಟಬೇಡಿ, ಮುಂದೆ ಒಳ್ಳೆಯ ಮಷೀನು ಬಂದಾಗ ಅದು ಬೇಕಾಗುತ್ತದೆ. ತುಂಬಾ ಫೈಲುಗಳಿದ್ದರೆ ಒಂದೊಂದನ್ನೂ ‘ಆ್ಯಡ್ ಟು ಕ್ಯೂ’ ಮಾಡಿ, ರಾತ್ರಿ ಊಟ ಆದ ಮೇಲೆ ‘ಸ್ಟಾರ್ಟ್’ ಒತ್ತಿ ಮಲಗಿ. ಸಣ್ಣ ಮಷೀನಿಗೆ ಇದು ಗಂಟೆಗಟ್ಟಲೆ ಹಿಡಿಯುವ ಕೆಲಸ. ಎನ್‌ಕೋಡರ್ ಪಟ್ಟಿಯಲ್ಲಿ ‘ಎಚ್.264 (ಇಂಟೆಲ್ ಕ್ಯೂಎಸ್‌ವಿ)’ ಅಂತ ಕಂಡರೆ ಅದನ್ನು ಆರಿಸಿ, ಫೈಲು ಸ್ವಲ್ಪ ದೊಡ್ಡದಾಗುತ್ತದೆ, ಆದರೆ ಎಷ್ಟೋ ಬೇಗ ಮುಗಿಯುತ್ತದೆ.

ಮುಂದಿನ ಸಲಕ್ಕೆ ಫೋನಿನಲ್ಲೇ ಸರಿ ಮಾಡಿಡಬಹುದು. ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಫಾರ್ಮ್ಯಾಟ್ಸ್, ಅಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’. ಆಂಡ್ರಾಯ್ಡ್‌ನಲ್ಲಿ ಕ್ಯಾಮೆರಾ ಸೆಟ್ಟಿಂಗಿನೊಳಗೆ ‘ಹೈ ಎಫಿಷಿಯೆನ್ಸಿ’ ಅಥವಾ ‘ಎಚ್‌ಇವಿಸಿ’ ಅಂತ ಇರುವುದನ್ನು ಆಫ್ ಮಾಡಿ, 1080ಪಿ 30 ಇಡಿ.

ಒಂದು ವಿಚಿತ್ರ ಕೂಡ ಹೇಳಿಬಿಡುತ್ತೇನೆ. ಫ್ರೇಮ್ ಒಂದೂ ಬೀಳುತ್ತಿಲ್ಲ, ಆದರೂ ಕ್ಯಾಮೆರಾ ರಂಗಸ್ಥಳದ ಈ ತುದಿಯಿಂದ ಆ ತುದಿಗೆ ಹೊರಳುವಾಗ ಸಣ್ಣ ನಡುಕ ಕಾಣುತ್ತದೆ ಅಂತ ಇಟ್ಟುಕೊಳ್ಳಿ. ನಮ್ಮಲ್ಲಿ ಆಟದ ರೆಕಾರ್ಡಿಂಗ್ ಎಷ್ಟೋ ಸಲ ಸೆಕೆಂಡಿಗೆ 25 ಫ್ರೇಮಿನಲ್ಲಿ ಆಗಿರುತ್ತದೆ, ಲ್ಯಾಪ್‌ಟಾಪ್ ಪರದೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ. 25 ಅನ್ನು 60ಕ್ಕೆ ಸಮವಾಗಿ ಹಂಚಲು ಬರುವುದಿಲ್ಲ, ಕೆಲವು ಫ್ರೇಮ್ ಎರಡು ಸಲ, ಕೆಲವು ಮೂರು ಸಲ ಕಾಣುತ್ತವೆ. ಅದು ಲ್ಯಾಪ್‌ಟಾಪಿನ ತಪ್ಪಲ್ಲ, ಮೇಲಿನ ಯಾವ ಮದ್ದೂ ಅದಕ್ಕೆ ನಾಟುವುದಿಲ್ಲ. ಪರದೆಯ ಸೆಟ್ಟಿಂಗಿನಲ್ಲಿ 50 ಹರ್ಟ್ಸ್ ಸಿಕ್ಕರೆ ಹಾಕಿ, ಸಿಗದಿದ್ದರೆ ಸುಮ್ನೆ ಇದ್ದುಬಿಡಿ.

ಬಿಸಿ, ಧೂಳು, ಉಪ್ಪುಗಾಳಿ

ಬಿಸಿ ಏರಿದರೆ ಪ್ರೊಸೆಸರ್ ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ. ಟಾಸ್ಕ್ ಮ್ಯಾನೇಜರಿನ ಸಿಪಿಯು ಪುಟದಲ್ಲಿ ‘ಸ್ಪೀಡ್’ ನೋಡುತ್ತಿರಿ. ವಿಡಿಯೋ ಶುರುವಾದಾಗ 2 ಗಿಗಾಹರ್ಟ್ಸ್ ಮೇಲಿದ್ದದ್ದು ಅರ್ಧ ಗಂಟೆ ಆದ ಮೇಲೆ 1ರ ಹತ್ತಿರ ಬಂದು, ಅದೇ ಹೊತ್ತಿಗೆ ತಡವರಿಸುವುದೂ ಶುರುವಾದರೆ ಅನುಮಾನವೇ ಬೇಡ.

ಘಟ್ಟದ ಕೆಳಗೆ ಇದು ಬೇಗ ಬರುತ್ತದೆ. ಕಾರವಾರ, ಅಂಕೋಲಾ, ಕುಮಟಾದ ಸೆಕೆಯಲ್ಲಿ ಹೊರಗಿನ ಗಾಳಿಯೇ ಬಿಸಿ, ಅದರ ಮೇಲೆ ತೇವ. ಫ್ಯಾನಿನ ಎದುರು ಇರುವ ತೆಳು ರೆಕ್ಕೆಗಳ ಸಂದಿಯಲ್ಲಿ ಕೂತ ಧೂಳು ಒಣಗಿ ಉದುರುವುದಿಲ್ಲ, ಒದ್ದೆಯಾಗಿ ಜಿಡ್ಡುಗಟ್ಟಿ ಕಂಬಳಿ ಚೂರಿನ ಹಾಗೆ ಅಂಟಿಕೊಳ್ಳುತ್ತದೆ. ಸಮುದ್ರಕ್ಕೆ ಹತ್ತಿರ ಇದ್ದರೆ ಉಪ್ಪುಗಾಳಿಗೆ ಸ್ಕ್ರೂ, ಪೋರ್ಟುಗಳೂ ತುಕ್ಕು ಹಿಡಿಯುತ್ತವೆ. ಘಟ್ಟದ ಮೇಲೆ ಸೆಕೆ ಕಮ್ಮಿ, ಆದರೆ ಜೂನ್ ಬಂತೆಂದರೆ ಲ್ಯಾಪ್‌ಟಾಪ್ ಬ್ಯಾಗಿಗೇ ಬೂಷ್ಟು. ಮಳೆಗಾಲದಲ್ಲಿ ಅದನ್ನು ಬ್ಯಾಗಿನಲ್ಲಿ ವಾರಗಟ್ಟಲೆ ಮುಚ್ಚಿಡಬೇಡಿ. ದಿನಾ ಒಂದಷ್ಟು ಹೊತ್ತು ಚಾಲೂ ಮಾಡಿದರೆ ಒಳಗಿನ ತೇವವೂ ಆರುತ್ತದೆ.

ಸ್ವಚ್ಛ ಮಾಡುವುದು ಹೀಗೆ. ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆಯಿರಿ. ಹಿಂದಿನ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಒಂದು ತಟ್ಟೆಯಲ್ಲಿ ಜೋಡಿಸಿಡಿ, ಉದ್ದದ್ದು ಗಿಡ್ಡದ್ದು ಅದಲು ಬದಲಾದರೆ ಬೋರ್ಡಿಗೆ ತೂತು ಬೀಳಬಹುದು. ಒಳಗೆ ಬ್ಯಾಟರಿಯ ಕನೆಕ್ಟರ್ ಮೊದಲು ಬಿಡಿಸಿ. ಆಮೇಲೆ ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಲ್ಲಿ ಹಿಡಿದು ಮೃದುವಾದ ಬ್ರಷ್ಷಿನಿಂದ ಧೂಳು ತೆಗೆಯಿರಿ. ಬಾಯಲ್ಲಿ ಊದಬೇಡಿ, ಉಗುಳಿನ ತೇವ ಹೋಗುತ್ತದೆ. ಗ್ಯಾರೇಜಿನ ಏರ್ ಕಂಪ್ರೆಸರ್ ಹಿಡಿದು ಫ್ಯಾನನ್ನು ಗಿರ್ರನೆ ತಿರುಗಿಸುವುದೂ ಬೇಡ, ಬೇರಿಂಗ್ ಹಾಳಾಗುತ್ತದೆ. ನಾಲ್ಕೈದು ವರ್ಷ ಹಳೆಯದಾದರೆ ಪ್ರೊಸೆಸರ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಪುಡಿಯಾಗಿರುತ್ತದೆ, ಕೈ ಪಳಗಿದವರಿಂದ ಅದನ್ನೂ ಹೊಸದು ಹಾಕಿಸಿ.

ಫ್ಯಾನೇ ಇಲ್ಲದ ಸೆಲೆರಾನ್ ಲ್ಯಾಪ್‌ಟಾಪುಗಳೂ ಬಹಳ ಇವೆ. ಅವು ಮೈಯಿಂದಲೇ ಬಿಸಿ ಬಿಡಬೇಕು. ಹಾಸಿಗೆ, ದಿಂಬು, ಕಂಬಳಿಯ ಮೇಲೆ ಇಟ್ಟರೆ ಎಲ್ಲಿಂದ ಬಿಡುವುದು? ಮರದ ಮೇಜಿನ ಮೇಲಿಟ್ಟು, ಹಿಂದಿನ ಎರಡು ಕಾಲಿನ ಅಡಿ ಎರಡು ಬಾಟಲಿ ಮುಚ್ಚಳ ಇಡಿ. ದುಡ್ಡು ಕೊಟ್ಟು ತರುವ ಕೂಲಿಂಗ್ ಪ್ಯಾಡಿನಷ್ಟೇ ಉಪಯೋಗ, ಬಹುಪಾಲು.

ಕರೆಂಟು, ರ‍್ಯಾಮು

ಚಾರ್ಜರಿನಲ್ಲಿ ಚೆನ್ನಾಗಿದ್ದು ಕರೆಂಟು ಹೋದ ಕೂಡಲೇ ತಡವರಿಸಿದರೆ ಅದು ಪವರ್ ಸೆಟ್ಟಿಂಗ್. ಸೆಟ್ಟಿಂಗ್ಸ್, ಸಿಸ್ಟಮ್ ಒಳಗಿನ ಪವರ್ ವಿಭಾಗದಲ್ಲಿ ಬ್ಯಾಟರಿ ಸೇವರ್ ಆಫ್ ಮಾಡಿ, ಪವರ್ ಮೋಡ್ ಮೇಲಕ್ಕೆ ಏರಿಸಿ. ಬ್ಯಾಟರಿ ಉಳಿಯಬೇಕು ಅಂತಿದ್ದರೆ ಸೇವರ್ ಹಾಗೇ ಬಿಟ್ಟು 480ಪಿಗೆ ಇಳಿಯಿರಿ, ನನಗೆ ಎರಡನೆಯದೇ ವಾಸಿ ಅನ್ನಿಸುತ್ತದೆ. ಕರೆಂಟು ಯಾವಾಗ ಬರುತ್ತದೆ ಅಂತ ಯಾರಿಗೆ ಗೊತ್ತು.

ರ‍್ಯಾಮ್ ಹಾಕಿಸುವುದರಿಂದ ಏನೂ ಆಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. 4ಜಿಬಿ ಇದ್ದು ಹತ್ತು ಟ್ಯಾಬ್ ತೆರೆದಿಟ್ಟರೆ ತಡವರಿಸಿಯೇ ತಡವರಿಸುತ್ತದೆ. ಮೊದಲು ಟ್ಯಾಬ್ ಮುಚ್ಚಿ. ಆಮೇಲೂ ಬೇಕು ಅನ್ನಿಸಿದರೆ ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ‘ಸ್ಲಾಟ್ಸ್ ಯೂಸ್ಡ್’ ನೋಡಿ. ‘1 ಆಫ್ 2’ ಅಂತಿದ್ದರೆ ಇನ್ನೊಂದು ತುಂಡು ಹಾಕಲು ಜಾಗ ಇದೆ. ಇಂಥ ಲ್ಯಾಪ್‌ಟಾಪುಗಳಲ್ಲಿ ಗ್ರಾಫಿಕ್ಸಿಗೆ ಅಂತ ಬೇರೆ ಮೆಮೊರಿ ಇರುವುದಿಲ್ಲ, ಅದೂ ಇದೇ ರ‍್ಯಾಮನ್ನು ಹಂಚಿಕೊಳ್ಳುತ್ತದೆ. ಹಾಗಾಗಿ ಒಂದೇ ತುಂಡಿಗಿಂತ ಒಂದೇ ಅಳತೆಯ ಎರಡು ತುಂಡು ಇದ್ದರೆ ದಾರಿ ಅಗಲವಾಗಿ ಗ್ರಾಫಿಕ್ಸಿಗೆ ಲಾಭ. ಎಸ್‌ಎಸ್‌ಡಿ (ವೇಗದ ಡಿಸ್ಕು) ಹಾಕಿದರೆ ಲ್ಯಾಪ್‌ಟಾಪ್ ಬೇಗ ಏಳುತ್ತದೆ, ಬ್ರೌಸರ್ ಬೇಗ ತೆರೆಯುತ್ತದೆ, ಆದರೆ ವಿಡಿಯೋ ಬಿಚ್ಚುವ ವೇಗ ಅದರಿಂದ ಬದಲಾಗುವುದಿಲ್ಲ.

ಟಿವಿಗೆ ಹಾಕಿ ನೋಡುವವರಿಗೆ

ಎಚ್‌ಡಿಎಂಐ ಕೇಬಲ್ಲಿನಲ್ಲಿ 4ಕೆ ಟಿವಿಗೆ ಸಿಕ್ಕಿಸಿದರೆ ವಿಂಡೋಸ್ ತಾನಾಗಿಯೇ 3840×2160 ಆರಿಸಿಕೊಳ್ಳಬಹುದು. ಹಳೆ ಲ್ಯಾಪ್‌ಟಾಪುಗಳ ಎಚ್‌ಡಿಎಂಐ ಅಷ್ಟು ದೊಡ್ಡ ಚಿತ್ರವನ್ನು ಸೆಕೆಂಡಿಗೆ 30 ಸಲ ಮಾತ್ರ ಕಳಿಸುತ್ತದೆ, ಮೌಸಿನ ಬಾಣವೂ ಎಳೆದ ಹಾಗೆ ಕಾಣುತ್ತದೆ. ಡಿಸ್‌ಪ್ಲೇ ಸೆಟ್ಟಿಂಗಿಗೆ ಹೋಗಿ 1920×1080, 60 ಹರ್ಟ್ಸ್ ಮಾಡಿ. ವಿಂಡೋಸ್ ಮತ್ತು ಪಿ ಒತ್ತಿ ‘ಸೆಕೆಂಡ್ ಸ್ಕ್ರೀನ್ ಓನ್ಲಿ’ ಆರಿಸಿದರೆ ಎರಡು ಪರದೆಗೆ ಚಿತ್ರ ಕೊಡುವ ಕೆಲಸವೂ ತಪ್ಪುತ್ತದೆ.

ನಿಜ ಹೇಳಬೇಕೆಂದರೆ ಟಿವಿ ಸ್ಮಾರ್ಟ್ ಆಗಿದ್ದರೆ ಲ್ಯಾಪ್‌ಟಾಪೇ ಬೇಡ. 4ಕೆ ಟಿವಿಗಳ ಒಳಗೆ ಎಚ್‌ಇವಿಸಿ ಡಿಕೋಡರ್ ಇರುತ್ತದೆ. ಜಾತ್ರೆಯ ವಿಡಿಯೋವನ್ನು ಪೆನ್‌ಡ್ರೈವಿಗೆ ಹಾಕಿ ಟಿವಿಗೇ ಚುಚ್ಚಿ. ಫೈಲು 4ಜಿಬಿಗಿಂತ ದೊಡ್ಡದಿದ್ದು ಕಾಪಿ ಆಗುವುದಿಲ್ಲ ಅಂದರೆ ಪೆನ್‌ಡ್ರೈವ್ ಫ್ಯಾಟ್32 ಅನ್ನುವ ಹಳೆ ಫಾರ್ಮ್ಯಾಟಿನಲ್ಲಿದೆ. ಅದರಲ್ಲಿರುವುದನ್ನು ಬೇರೆ ಕಡೆ ಇಟ್ಟು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಟಿವಿ ಅದನ್ನು ಓದುತ್ತದೆಯಾ ಅಂತ ಒಂದು ಸಣ್ಣ ಫೈಲು ಹಾಕಿ ನೋಡಿಕೊಳ್ಳಿ.

ಲಿನಕ್ಸ್, ಮತ್ತು ಕೊನೆಗೆ ಕೊಳ್ಳಲೇಬೇಕಾದರೆ

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಹೆಚ್ಚುಕಮ್ಮಿ 8ನೇ ಪೀಳಿಗೆಯ ಇಂಟೆಲ್. ಅದಕ್ಕಿಂತ ಹಳೆಯದಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಆಪರೇಟಿಂಗ್ ಸಿಸ್ಟಮ್ಮಿನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಬಹುದು, ಹಗುರ ಇದೆ. ವಿಡಿಯೋಗೆ ಅಲ್ಲಿ ಫೈರ್‌ಫಾಕ್ಸ್ ಬಳಸಿ. 2023ರಲ್ಲಿ ಬಂದ 115ನೇ ಆವೃತ್ತಿಯಿಂದ ಇಂಟೆಲ್ ಗ್ರಾಫಿಕ್ಸಿಗೆ ಹಾರ್ಡ್‌ವೇರ್ ಡಿಕೋಡಿಂಗ್ ತಾನಾಗಿಯೇ ಆನ್ ಇರುತ್ತದೆ. 4ನೇ ಪೀಳಿಗೆ ಮತ್ತು ಹಿಂದಿನದಕ್ಕೆ ‘ಐ965’ ಹೆಸರಿನ ಡ್ರೈವರ್, ಅದರ ನಂತರದವಕ್ಕೆ ‘ಇಂಟೆಲ್ ಮೀಡಿಯಾ’ ಡ್ರೈವರ್ ಬೇಕು. ಟರ್ಮಿನಲ್‌ನಲ್ಲಿ ‘ವಿಎಇನ್‌ಫೋ’ ಅನ್ನುವ ಆಜ್ಞೆ ಕೊಟ್ಟರೆ ನಿಮ್ಮ ಚಿಪ್ ಯಾವ ಯಾವ ಕೋಡೆಕ್ ಬಿಚ್ಚುತ್ತದೆ ಅಂತ ಪಟ್ಟಿಯೇ ಬರುತ್ತದೆ, ನನ್ನ ಮಾತು ನಂಬಬೇಕಾಗಿಯೂ ಇಲ್ಲ.

ಎಲ್ಲ ಮಾಡಿಯೂ ಆಗಲಿಲ್ಲ, ಸೆಕೆಂಡ್ ಹ್ಯಾಂಡ್ ಒಂದು ತಗೊಳ್ಳೋಣ ಅಂತ ಹೊರಟರೆ, ಐ5, ಐ7 ಅನ್ನುವ ಹೆಸರಿಗೆ ಮರುಳಾಗಬೇಡಿ. ಪೀಳಿಗೆ ಕೇಳಿ. ವಿಡಿಯೋಗೆ ಅಂತಲೇ ಆದರೆ 7ಕ್ಕಿಂತ ಕೆಳಗೆ ಬೇಡ, ವಿಂಡೋಸ್ 11 ಬೇಕಾದರೆ 8. ಅಂಗಡಿಗೆ ಹೋಗುವಾಗ ಫೋನಿನಲ್ಲಿ ತೆಗೆದ ಒಂದು ಎಚ್‌ಇವಿಸಿ ವಿಡಿಯೋವನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಿ. ಅಲ್ಲೇ ಡಿಸ್ಕಿಗೆ ಕಾಪಿ ಮಾಡಿ, ವಿಎಲ್‌ಸಿಯಲ್ಲಿ ಓಡಿಸಿ, ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ‘ವಿಡಿಯೋ ಡಿಕೋಡ್’ ಗೆರೆ ಏಳುತ್ತದೆಯಾ ನೋಡಿ. ಚಾರ್ಜರ್ ತೆಗೆದೂ ಒಮ್ಮೆ ಓಡಿಸಿ. ಅಷ್ಟು ಹೊತ್ತು ನೋಡಲು ಬಿಡದ ಅಂಗಡಿಯಾದರೆ ಪಕ್ಕದ ಅಂಗಡಿಗೆ ಹೋಗಿ.